ಕವರಿಗೂ ಮುಸುರೆ ಉಂಟು

ಹಾಲಿನ ಕವರು, ನೀರಿನ ಬಾಟಲಿ, ಪಾರ್ಸೆಲ್ ಡಬ್ಬಿ, ಚಿಪ್ಸ್ ಪೊಟ್ಟಣ: ಅಡುಗೆಮನೆಯಿಂದ ಹೊರಬೀಳುವ ಒಣ ಕಸ ನಿಜವಾಗಿ ಮರುಬಳಕೆಗೆ ಸೇರಬೇಕಾದರೆ ಮನೆಯಲ್ಲಿ ಏನು ಮಾಡಬೇಕು?

ಬೆಳಗ್ಗೆ ಹಾಲು ಕಾಯಿಸಲು ನಿಂತವರ ಕೈಗೆ ಒಂದು ಅಭ್ಯಾಸವಿದೆ. ಕವರಿನ ಮೂಲೆ ಕತ್ತರಿಸಿ ಹಾಲು ಬಗ್ಗಿಸಿದ ಮೇಲೆ, ಅದೇ ಕವರಿಗೆ ಒಂದಿಷ್ಟು ನೀರು ಬಿಟ್ಟು ಕುಲುಕಿ, ಆ ನೀರನ್ನೂ ಪಾತ್ರೆಗೇ ಸುರಿಯುತ್ತಾರೆ. ಒಂದು ಹನಿ ಹಾಲೂ ದಂಡವಾಗಬಾರದು ಎಂಬ ಹಳೆಯ ಲೆಕ್ಕ ಅದು. ಹಾಗೆ ಮಾಡಿದಾಗ ಕವರು ಅರ್ಧ ತೊಳೆದಂತೆಯೂ ಆಯಿತು. ಆದರೆ ಮರುಕ್ಷಣವೇ ಆ ಕವರು ಕಾಫಿ ಚರಟ, ಹುರುಳಿಕಾಯಿ ನಾರು, ರಾತ್ರಿ ಉಳಿದ ಸಾರಿನ ಜೊತೆ ಒಂದೇ ಬುಟ್ಟಿಗೆ ಬೀಳುತ್ತದೆ. ಕತ್ತರಿಸಿದ ಮೂಲೆಯ ಚೂರು ಸಿಂಕಿನ ಜಾಲರಿಗೋ ಪೊರಕೆಯ ಕಡ್ಡಿಗೋ ಸಿಕ್ಕಿ ಎಲ್ಲಿ ಹೋಯಿತೆಂದು ಯಾರೂ ನೋಡುವುದಿಲ್ಲ. ಎರಡು ನಿಮಿಷದ ಹಿಂದೆ ಗುಜರಿಯವರು ಕಾಸು ಕೊಟ್ಟು ಕೊಳ್ಳಬಹುದಾಗಿದ್ದ ವಸ್ತು ಈಗ ಯಾರಿಗೂ ಬೇಡದ ಕಸ.

ನಮ್ಮ ಮನೆಗಳಲ್ಲಿ ಮುಸುರೆ ಪಾತ್ರೆಯನ್ನು ತೊಳೆದ ಪಾತ್ರೆಗಳ ಸಾಲಿಗೆ ಇಡುವವರಿಲ್ಲ. ಅನ್ನ ಅಂಟಿದ ಸೌಟನ್ನು ಹಾಗೆಯೇ ಸ್ಟ್ಯಾಂಡಿಗೆ ಸಿಕ್ಕಿಸುವವರೂ ಇಲ್ಲ. ಮೊಸರು ಬಂದ ಕಪ್ಪು, ಎಣ್ಣೆ ಬಂದ ಕವರು, ಬಿರಿಯಾನಿ ಬಂದ ಡಬ್ಬಿ ಕೂಡ ಪಾತ್ರೆಗಳೇ. ಅವಕ್ಕೂ ಮುಸುರೆ ಉಂಟು. ಇದೊಂದು ಮಾತ್ರ ನಮಗೆ ಹೊಳೆಯುವುದಿಲ್ಲ. ಪ್ಲಾಸ್ಟಿಕ್ಕಿನ ರಸಾಯನಶಾಸ್ತ್ರ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಮುಸುರೆಯ ಲೆಕ್ಕ ಗೊತ್ತಿದ್ದರೆ ಸಾಕು. ಅದು ಸರಿಯಾದರೆ ಉಳಿದದ್ದನ್ನು ವಿಂಗಡಿಸುವವರು ನೋಡಿಕೊಳ್ಳುತ್ತಾರೆ.

ಗಾಡಿ ತಿರುವು ದಾಟಿದ ಮೇಲೆ

ಬೆಂಗಳೂರಿನಲ್ಲಿ ಬೇರೆಯಾಗಿ ಕೊಟ್ಟ ಒಣ ಕಸ ಸೇರಬೇಕಾದ್ದು ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರಕ್ಕೆ. ಅಲ್ಲಿ ಯಂತ್ರಗಳಿಗಿಂತ ಕೈಗಳ ಕೆಲಸವೇ ಹೆಚ್ಚು. ಸುರಿದ ರಾಶಿಯ ಸುತ್ತ ಕೂತವರು ಒಂದೊಂದನ್ನೇ ಎತ್ತಿ ಬೇರೆಬೇರೆ ಚೀಲಕ್ಕೆ ಎಸೆಯುತ್ತಾರೆ. ಈ ವ್ಯಾಪಾರಕ್ಕೆ ತನ್ನದೇ ಭಾಷೆಯಿದೆ. ಮೆತ್ತನೆಯ ಕವರು ‘ಎಲ್‌ಡಿ’. ಹಿಡಿದರೆ ಸರಸರ ಸದ್ದು ಮಾಡುವ ತೆಳು ಕವರು ‘ಎಚ್‌ಎಂ’. ಬಗ್ಗಿಸಿದರೆ ಪಟ್ಟೆಂದು ಒಡೆಯುವ ಪ್ಲಾಸ್ಟಿಕ್ಕು ‘ಕಡಕ್’. ಬಿಸ್ಕತ್ತಿನ ಪೆಟ್ಟಿಗೆಯಂಥ ತೆಳು ರಟ್ಟು ‘ಡ್ಯೂಪ್ಲೆಕ್ಸ್’. ನಾವು ಒಂದೇ ಹೆಸರಿಂದ ಪ್ಲಾಸ್ಟಿಕ್ ಎನ್ನುವುದರಲ್ಲಿ ಇರುವ ಹತ್ತಾರು ಜಾತಿಗಳು ಅವರ ಬೆರಳಿಗೆ ಗೊತ್ತು. ಹೀಗೆ ಬೇರೆಯಾದದ್ದು ಮೈಸೂರು ರಸ್ತೆಯ ನಾಯಂಡಹಳ್ಳಿಯಂಥ ಕಡೆ ಇರುವ ಸಣ್ಣಸಣ್ಣ ಘಟಕಗಳಿಗೆ ಹೋಗಿ ಪುಡಿಯಾಗಿ, ತೊಳೆದು, ಕರಗಿ, ಕಾಳುಕಾಳಾಗಿ ಹೊರಬರುತ್ತದೆ. ಆ ಕಾಳಿಗೆ ವ್ಯಾಪಾರದವರು ‘ದಾಣಾ’ ಎನ್ನುತ್ತಾರೆ. ಅದೇ ಮುಂದೆ ತೋಟದ ಕಪ್ಪು ಪೈಪಾಗುತ್ತದೆ, ಬಕೆಟ್ಟಾಗುತ್ತದೆ.

ಈ ದಾರಿಯಲ್ಲಿ ಎಲ್ಲವೂ ತೂಕದ ಮೇಲೆ ನಿಂತಿದೆ. ಅರ್ಧ ಲೀಟರಿನ ಹಾಲಿನ ಕವರು ತೂಗುವುದು ಎರಡು–ಮೂರು ಗ್ರಾಂ. ಒಂದು ಕಿಲೋ ಆಗಬೇಕಾದರೆ ಸುಮಾರು 330ರಿಂದ 500 ಕವರು ಬೇಕು, ಅಷ್ಟನ್ನೂ ಯಾರೋ ಒಬ್ಬರು ಒಂದೊಂದಾಗಿ ಎತ್ತಬೇಕು. ಹುಳಿ ಮೆತ್ತಿಕೊಂಡು ನಾರುವ ಕವರುಗಳನ್ನು ತೊಳೆದು ಒಣಗಿಸಿ ಕಿಲೋ ಮಾಡುವ ಕೂಲಿ ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಒಳ್ಳೆಯ ಪ್ಲಾಸ್ಟಿಕ್ಕೇ ಆಗಿದ್ದರೂ ಅದನ್ನು ಪಕ್ಕಕ್ಕೆ ತಳ್ಳುತ್ತಾರೆ. ಮುಂದೆ ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗಬೇಕು, ಇಲ್ಲವೇ ಊರಾಚೆಯ ಗುಂಡಿಗೆ.

ಆ ಗುಂಡಿಗಳ ಕಥೆ ನಮಗೆ ಹೊಸದೇನಲ್ಲ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ 2012ರಲ್ಲಿ ಬಾಗಿಲು ಹಾಕಿತು. ಮಂಡೂರಿನ ಜನ 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಕಸವನ್ನು ಗುಂಡಿಗೆ ಸುರಿಯದೆ ವಿಂಗಡಿಸಿ ಎಂಬ ಕಾನೂನಿನ ಹಿಂದೆಯೂ ನಮ್ಮ ಊರಿನವರೊಬ್ಬರ ಓಡಾಟವಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದಲೇ ದೇಶಕ್ಕೆ 2000ದ ಪೌರ ಘನತ್ಯಾಜ್ಯ ನಿಯಮಗಳು ಬಂದವು. 2016ರ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಬೇರೆ ಮಾಡಿಕೊಡುವ ಹೊಣೆಯನ್ನು ಮನೆಯವರ ಮೇಲೇ ಹೊರಿಸಿದವು. ಅದಕ್ಕೂ ಮೊದಲೇ, 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿಗೆ ‘ಎರಡು ಡಬ್ಬ, ಒಂದು ಚೀಲ’ದ ಪದ್ಧತಿಯನ್ನು ಕಡ್ಡಾಯ ಮಾಡಿತ್ತು. ಹಸಿರು ಡಬ್ಬದಲ್ಲಿ ಹಸಿ ಕಸ, ಕೆಂಪು ಡಬ್ಬದಲ್ಲಿ ಸ್ಯಾನಿಟರಿ ಪ್ಯಾಡು, ಡೈಪರಿನಂಥವು, ಚೀಲದಲ್ಲಿ ಒಣ ಕಸ. ಈ ಲೇಖನ ಆ ಚೀಲದ ಕುರಿತು.

ಮೂರೇ ಕೆಲಸ: ಬರಿದು ಮಾಡು, ತೊಳೆ, ಒಣಗಿಸು

ತೊಳೆಯುವುದು ಎಂದ ಕೂಡಲೇ ಬರುವ ಮೊದಲ ಆಕ್ಷೇಪ ನೀರಿನದು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಕಸಕ್ಕೆ ನೀರು ಸುರಿಯುವುದೆ? ಬೇಕಿಲ್ಲ. ಅಕ್ಕಿ, ಬೇಳೆ ತೊಳೆದ ನೀರು ಸಾಕು, ಪಾತ್ರೆ ಜಾಲಿಸಿದ ನೀರೂ ಸಾಕು. ಪಾತ್ರೆ ತೊಳೆದಾದ ಮೇಲೆ ಕೊನೆಯಲ್ಲಿ ಅದೇ ನೊರೆಯ ಕೈಯಲ್ಲಿ ಡಬ್ಬಿ, ಕವರುಗಳನ್ನು ಒಮ್ಮೆ ಉಜ್ಜಿದರೆ ಮುಗಿಯಿತು. ಕನ್ನಡಿಯಂತೆ ಹೊಳೆಯಬೇಕಾಗಿಲ್ಲ. ವಾರವಿಡೀ ಬಾಲ್ಕನಿಯಲ್ಲಿ ಇಟ್ಟರೂ ವಾಸನೆ ಬರಬಾರದು, ಇರುವೆ ಮುತ್ತಬಾರದು, ಅಷ್ಟೇ ಪರೀಕ್ಷೆ.

ಮೊಸರಿನ ಕವರನ್ನು ಜಾಲಿಸಿದ ನೀರು ಮಜ್ಜಿಗೆಗೆ ಸೇರಲಿ. ಜ್ಯಾಮಿನ ಬಾಟಲಿಗೆ ಬಿಸಿನೀರು ಹಾಕಿ ಕುಲುಕಿದರೆ ತಳದ್ದೂ ಬಿಡುತ್ತದೆ. ತುಪ್ಪ, ಎಣ್ಣೆಯ ಕವರುಗಳೇ ಹಟಮಾರಿಗಳು. ಮೊದಲು ಒಂದು ರಾತ್ರಿ ಬೋರಲು ಹಾಕಿ ಪೂರ್ತಿ ಬಸಿಯಿರಿ. ಆಮೇಲೆ ಕವರನ್ನು ಬಿಚ್ಚಿ, ಒಳಗಿನ ಜಿಡ್ಡಿಗೆ ಚಪಾತಿ ಹಿಟ್ಟಿನ ಉಂಡೆ ಒರೆಸಿಕೊಂಡು, ಕೊನೆಗೆ ಸೋಪಿನ ನೀರು ತೋರಿಸಿದರೆ ಸಾಕು.

ಒಣಗಿಸುವುದನ್ನು ಹೆಚ್ಚಿನವರು ಮರೆಯುತ್ತಾರೆ. ಒದ್ದೆ ಕವರನ್ನು ಕಾಗದದ ಜೊತೆ ಚೀಲಕ್ಕೆ ತುರುಕಿದರೆ ಕಾಗದ ಮೆತ್ತಗಾಗುತ್ತದೆ, ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಹಾಕುವ ತಂತಿಯ ಒಂದು ತುದಿ, ನಾಲ್ಕು ಕ್ಲಿಪ್ಪು, ಇಷ್ಟೇ ಬೇಕಾದ್ದು. ಬಾಟಲಿ, ಡಬ್ಬಿಗಳು ಸಿಂಕಿನ ಪಕ್ಕದ ಜಾಲರಿ ಬುಟ್ಟಿಯಲ್ಲಿ ಬೋರಲು ಬಿದ್ದಿದ್ದರೆ ಸಂಜೆಗೆ ಒಣಗಿರುತ್ತವೆ.

ಯಾವುದನ್ನು ಹೇಗೆ?

*ಹಾಲು, ಮೊಸರಿನ ಕವರು.* ಮೂಲೆಯನ್ನು ಪೂರ್ತಿ ಕತ್ತರಿಸದೆ ಒಂದು ಬದಿ ಅಂಟಿಕೊಂಡಿರುವಂತೆ ಸೀಳಿ. ಉಗುರಿನಷ್ಟು ಚೂರನ್ನು ಯಾವ ಕೈಯೂ ಆರಿಸಲಾರದು, ಅದು ಚರಂಡಿಗೋ ಗೊಬ್ಬರದ ಗುಂಡಿಗೋ ಸೇರಿ ಅಲ್ಲೇ ಉಳಿಯುತ್ತದೆ. ದಿನಕ್ಕೆ ಎರಡು ಕವರು ಕೊಳ್ಳುವ ಮನೆಯಿಂದ ವರ್ಷಕ್ಕೆ 730 ಚೂರು. ಜಾಲಿಸಿ ಒಣಗಿಸಿದ ಕವರುಗಳನ್ನು ಒಂದರೊಳಗೆ ಒಂದು ತುಂಬಿಟ್ಟರೆ ತಿಂಗಳಿನದೂ ಒಂದು ಹಿಡಿಯಲ್ಲಿ ಅಡಗುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಗುಜರಿಯವರು ಖುಷಿಯಿಂದ ತೆಗೆದುಕೊಳ್ಳುವುದು ಇದನ್ನೇ.

*ನೀರು, ತಂಪು ಪಾನೀಯದ ಬಾಟಲಿ.* ಇವು ಪೆಟ್ ಪ್ಲಾಸ್ಟಿಕ್ಕಿನವು. ಬರಿದು ಮಾಡಿ, ಹಿಂಡಿ ಚಪ್ಪಟೆ ಮಾಡಿ, ಮುಚ್ಚಳ ತಿರುಗಿಸಿ ಹಾಕಿಡಿ. ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್ ಅಲ್ಲವೇ ಎನ್ನಬಹುದು. ನಿಜ, ಆದರೆ ಪುಡಿ ಮಾಡಿ ನೀರಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಅಲ್ಲಿಯೇ ಎರಡೂ ಬೇರೆಯಾಗುತ್ತವೆ. ಮನೆಯಲ್ಲೇ ಬಿಡಿಸಿಟ್ಟರೆ ಮುಚ್ಚಳಗಳು ದಾರಿಯಲ್ಲಿ ಉದುರಿಹೋಗುತ್ತವೆ. ಪೆಟ್ ಚೂರು ಮುಂದೆ ಪಾಲಿಯೆಸ್ಟರ್ ನೂಲಾಗುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ ಪ್ರಧಾನಿಯವರಿಗೆ ಕೊಟ್ಟ ನೀಲಿ ಜಾಕೆಟ್ಟು ಇಂಥ ಬಾಟಲಿಗಳಿಂದಲೇ ಆದದ್ದು. ಇಪ್ಪತ್ತು ಲೀಟರಿನ ನೀರಿನ ಕ್ಯಾನಿನದು ಬೇರೆ ಕಥೆ. ಅದು ಅಂಗಡಿಗೆ ಮರಳಿ, ತುಂಬಿಕೊಂಡು ಮತ್ತೆ ಬರುತ್ತದೆ. ಕರಗಿಸದೆ, ಪುಡಿ ಮಾಡದೆ ಮತ್ತೆ ಬಳಸುವ ಈ ಪದ್ಧತಿಯೇ ಎಲ್ಲಕ್ಕಿಂತ ಮೇಲು.

*ಪಾರ್ಸೆಲ್ ಡಬ್ಬಿ.* ಹೋಟೆಲಿನಿಂದ ಊಟ ಹೊತ್ತು ಬರುವ ಬಿಳಿ, ಕಪ್ಪು ಡಬ್ಬಿಗಳು ಹೆಚ್ಚಿನಂಶ ಪಿಪಿ ಪ್ಲಾಸ್ಟಿಕ್ಕು. ತಳದ ತ್ರಿಕೋನದಲ್ಲಿ 5 ಎಂದಿರುತ್ತದೆ. ಗಟ್ಟಿಯಾಗಿದ್ದರೆ ಬೇಳೆಕಾಳು, ಗುಂಡುಪಿನ್ನು, ಮೊಳಕೆ ಸಸಿಗಳಿಗೆ ಕೆಲವು ತಿಂಗಳು ದುಡಿಯುತ್ತವೆ. ಬೇಡವಾದಾಗ ಅಂಟಿದ ಗ್ರೇವಿ ತೊಳೆದು, ಒಂದರೊಳಗೊಂದು ಪೇರಿಸಿ ಕೊಡಿ. ಎಣ್ಣೆ ಬಣ್ಣ ಉಳಿದರೆ ಚಿಂತೆಯಿಲ್ಲ, ಜಿಡ್ಡು ಉಳಿಯಬಾರದು. ಡಬ್ಬಿಯ ಸುತ್ತ ಸುತ್ತಿದ ತೆಳು ಅಂಟು ಹಾಳೆಯನ್ನು ಬಿಡಿಸಿ. ಸಾಂಬಾರು, ಚಟ್ನಿ ಕಟ್ಟಿಕೊಡುವ ತೆಳು ಕವರನ್ನು ತೊಳೆದು ಗೆಲ್ಲುವುದು ಕಷ್ಟ. ಅದಕ್ಕೆ ಮದ್ದು ಮನೆಯಿಂದ ಒಯ್ಯುವ ಸ್ಟೀಲ್ ಡಬ್ಬಿ ಮಾತ್ರ.

*ಚಿಪ್ಸ್, ಬಿಸ್ಕತ್ತು, ಕಾಫಿಪುಡಿ, ಮಸಾಲೆಯ ಪೊಟ್ಟಣ.* ಒಳಗೆ ಬೆಳ್ಳಿಯಂತೆ ಹೊಳೆಯುವ ಈ ಪೊಟ್ಟಣಗಳೇ ಮರುಬಳಕೆಯ ನಿಜವಾದ ತಲೆನೋವು. ಬೇರೆಬೇರೆ ಪ್ಲಾಸ್ಟಿಕ್ಕು, ಮೇಲೆ ಅಲ್ಯೂಮಿನಿಯಮ್ಮಿನ ತೆಳು ಲೇಪ ಸೇರಿ ಒಂದೇ ಹಾಳೆಯಾಗಿರುತ್ತವೆ. ಗಾಳಿ, ತೇವ ತಡೆಯುವುದಕ್ಕೆ ಹೀಗೆ ಅಂಟಿಸಿದ್ದಾರೆ. ಮತ್ತೆ ಬಿಡಿಸುವುದು ಮಾತ್ರ ಯಾರಿಗೂ ಸುಲಭವಲ್ಲ. ಇವು ಹಾಳೆಯೋ ಫಾಯಿಲೋ ಎಂಬ ಅನುಮಾನ ಬಂದರೆ ಮುಷ್ಟಿಯಲ್ಲಿ ಮುದುಡಿ ಬಿಡಿ. ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಪೊಟ್ಟಣ, ಮುದುಡಿದಂತೆಯೇ ನಿಂತರೆ ಅಲ್ಯೂಮಿನಿಯಮ್ ಫಾಯಿಲು. ಗುಜರಿಯವರು ಪೊಟ್ಟಣಗಳಿಗೆ ಕಾಸು ಕೊಡುವುದಿಲ್ಲ. ಆದರೂ ಒಣ ಕಸದ ಚೀಲದಲ್ಲೇ, ಬೇರೆ ಕವರಿನಲ್ಲಿ ತುಂಬಿ ಕೊಡಿ. ಒಣಗಿದ್ದರೆ ಸಿಮೆಂಟ್ ಕುಲುಮೆಯಲ್ಲಿ ಕಲ್ಲಿದ್ದಲ ಬದಲು ಉರಿಯುತ್ತದೆ. ತೇವವಾಗಿದ್ದರೆ ಅದಕ್ಕೂ ಬೇಡ. ಕುಲುಮೆಗೆ ಹಾಕುವುದನ್ನು ಮರುಬಳಕೆ ಎಂದು ಕರೆಯುವುದು ಕಷ್ಟ, ಗುಂಡಿಗಿಂತ ವಾಸಿ ಎನ್ನಬಹುದು. ಹಾಗಾಗಿ ಕಾಫಿಪುಡಿಯನ್ನು ಹುರಿದು ಬೀಸಿಕೊಡುವ ಅಂಗಡಿಯಿಂದ ಡಬ್ಬಿಗೇ ಹಾಕಿಸಿಕೊಳ್ಳುವುದು, ಹತ್ತು ಚಿಕ್ಕ ಪೊಟ್ಟಣದ ಬದಲು ಒಂದು ದೊಡ್ಡದು ಕೊಳ್ಳುವುದು ಲಾಭದ ದಾರಿ.

*ಹಣ್ಣಿನ ರಸ, ಹಾಲಿನ ರಟ್ಟಿನ ಪೆಟ್ಟಿಗೆ.* ಟೆಟ್ರಾ ಪ್ಯಾಕ್ ಎಂದು ಎಲ್ಲರೂ ಕರೆಯುವ ಇದು ನೋಡಲು ಕಾಗದ, ಒಳಗೆ ಮೂರು ವಸ್ತು: ತೂಕದಲ್ಲಿ ಮುಕ್ಕಾಲು ಪಾಲು ರಟ್ಟು, ಸುಮಾರು ಐದನೆಯ ಒಂದು ಪಾಲು ಪ್ಲಾಸ್ಟಿಕ್ಕು, ಉಳಿದ ಸುಮಾರು 5 ಶೇಕಡಾ ಅಲ್ಯೂಮಿನಿಯಮ್. ಇದಕ್ಕೆಂದೇ ಇರುವ ಕಾರ್ಖಾನೆಗಳಲ್ಲಿ ನೀರಿನಲ್ಲಿ ಕಡೆದು ಕಾಗದದ ನಾರು ಬಿಡಿಸುತ್ತಾರೆ. ಉಳಿದ ಪ್ಲಾಸ್ಟಿಕ್–ಅಲ್ಯೂಮಿನಿಯಮ್ ಮಿಶ್ರಣವನ್ನು ಒತ್ತಿ ಚಾವಣಿಯ ಹಾಳೆ, ಬೆಂಚುಗಳನ್ನು ಮಾಡುತ್ತಾರೆ. ಆದ್ದರಿಂದ ಇದನ್ನು ರದ್ದಿ ಕಾಗದದ ಜೊತೆ ಹಾಕಬೇಡಿ. ಮೂಲೆಯ ಕಿವಿಗಳನ್ನು ಬಿಡಿಸಿ, ಜಾಲಿಸಿ, ಚಪ್ಪಟೆ ಮಾಡಿ ಬೇರೆ ಇಡಿ. ಸ್ಟ್ರಾ ಇದ್ದರೆ ಒಳಗೇ ತಳ್ಳಿ.

*ರಟ್ಟು, ಕಾಗದ.* ಬಿಡಿಸಿ ಚಪ್ಪಟೆ ಮಾಡಿ, ಅಂಟು ಟೇಪು ಕಿತ್ತು, ಮಳೆಗೆ ಸಿಗದಂತೆ ಕಟ್ಟಿಡಿ. ಪಿಜ್ಜಾ ಪೆಟ್ಟಿಗೆಯ ಜಿಡ್ಡು ಹಿಡಿದ ತಳವನ್ನು ಹರಿದು ಹಸಿ ಕಸಕ್ಕೆ ಹಾಕಿ, ಚೊಕ್ಕಟವಾಗಿರುವ ಮುಚ್ಚಳವನ್ನು ರದ್ದಿಗೆ. ಕಾಗದ ನೀರಿನಲ್ಲಿ ಕರಗಿ ತಿರುಳಾಗುವಾಗ ಎಣ್ಣೆ ಬೆರೆಯದೆ ಕಲೆಯಾಗಿ ಉಳಿಯುತ್ತದೆ, ಅದಕ್ಕೇ ಈ ಎಚ್ಚರ. ಮೊಟ್ಟೆಯ ರಟ್ಟಿನ ತಟ್ಟೆಯನ್ನು ಅಂಗಡಿಯವರಿಗೇ ಮರಳಿಸಬಹುದು. ಸಿಹಿತಿಂಡಿ ಪೆಟ್ಟಿಗೆಯ ಒಳಗೆ ಪ್ಲಾಸ್ಟಿಕ್ ಹಾಳೆ ಇದ್ದರೆ ಬಿಡಿಸಿ ಕೊಡಿ.

*ಗಾಜು.* ಒಡೆಯದಿದ್ದರೆ ಗಾಜಿನಂಥ ನಂಬಿಕಸ್ಥ ವಸ್ತು ಇನ್ನೊಂದಿಲ್ಲ. ಎಷ್ಟು ಸಲ ಕರಗಿಸಿದರೂ ಗುಣ ಕೆಡುವುದಿಲ್ಲ. ಬಿಯರ್ ಬಾಟಲಿಗಳನ್ನು ಗುಜರಿಯವರು ಒಂದೊಂದಾಗಿ ಎಣಿಸಿ ಕೊಳ್ಳುವುದು ಅವು ತೊಳೆದು ಮತ್ತೆ ತುಂಬಿಸಿಕೊಳ್ಳಲು ಹೋಗುತ್ತವೆ ಎಂಬ ಕಾರಣಕ್ಕೆ. ಉಪ್ಪಿನಕಾಯಿ, ಜ್ಯಾಮಿನ ಬಾಟಲಿಯ ತಗಡಿನ ಮುಚ್ಚಳ ಬೇರೆ ಮಾಡಿ. ಕಾಯಿಸಬಹುದಾದ ಗಾಜಿನ ಪಾತ್ರೆ, ಪಿಂಗಾಣಿ ಬಟ್ಟಲನ್ನು ಬಾಟಲಿಗಳ ಜೊತೆ ಸೇರಿಸಬೇಡಿ, ಅವು ಕರಗುವ ಶಾಖವೇ ಬೇರೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಟೇಪು ಹಚ್ಚಿ, ‘ಗಾಜು’ ಎಂದು ದೊಡ್ಡದಾಗಿ ಬರೆದು, ಗಾಡಿಯವರ ಕೈಗೇ ಹೇಳಿ ಕೊಡಿ. ಚೀಲದಲ್ಲಿ ಅಡಗಿಸಿದ ಚೂರು ಕುಯ್ಯುವುದು ಒಬ್ಬರ ಅಂಗೈಯನ್ನು.

*ತಗಡು, ಅಲ್ಯೂಮಿನಿಯಮ್.* ಪಾನೀಯದ ಕ್ಯಾನು, ಬಿರಿಯಾನಿಯ ಬೆಳ್ಳಿ ತಟ್ಟೆ, ಮೊಸರಿನ ಕಪ್ಪಿನ ಫಾಯಿಲ್ ಮುಚ್ಚಳ ಇವೆಲ್ಲ ಒಳ್ಳೆಯ ಬೆಲೆಯ ವಸ್ತುಗಳು. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯ ಅಲ್ಯೂಮಿನಿಯಮ್ ಕರಗಿಸಲು ಶೇಕಡಾ 5ರಷ್ಟು ಶಕ್ತಿ ಸಾಕು. ಚಿಕ್ಕಚಿಕ್ಕ ಫಾಯಿಲ್ ಚೂರುಗಳನ್ನು ಒರೆಸಿ, ನಿಂಬೆಹಣ್ಣಿನ ಗಾತ್ರದ ಉಂಡೆಯಾಗುವವರೆಗೆ ಒಂದರ ಮೇಲೊಂದು ಸುತ್ತುತ್ತಾ ಹೋಗಿ. ತಗಡಿನ ಡಬ್ಬದ ಮುಚ್ಚಳ ಕುಯ್ಯುತ್ತದೆ, ಒಳಗೆ ತಳ್ಳಿ ಬಾಯಿ ಅದುಮಿ.

ನೋಟಕ್ಕೆ ಮೋಸ ಮಾಡುವವು

ಕಾಗದದ ಲೋಟ ಕಾಗದವಲ್ಲ. ಬಿಸಿ ಕಾಫಿ ಸೋರದಂತೆ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ರದ್ದಿಗೂ ಹಸಿ ಕಸಕ್ಕೂ ಸಲ್ಲದ ಇದನ್ನು ಜಾಲಿಸಿ ಒಣ ಕಸದಲ್ಲಿ ಕೊಡಬೇಕು. ಬಿಲ್ ಯಂತ್ರದಿಂದ ಬರುವ ನುಣುಪು ಚೀಟಿಗೂ ಶಾಖಕ್ಕೆ ಕಪ್ಪಾಗುವ ರಾಸಾಯನಿಕ ಸವರಿರುತ್ತದೆ. ರದ್ದಿಯ ಕಟ್ಟಿಗೆ ಅದು ಬೇಡ.

ತಳದಲ್ಲಿ ಬಾಣಗಳ ತ್ರಿಕೋನವಿದ್ದರೆ ಮರುಬಳಕೆ ಆಗುತ್ತದೆ ಎಂದು ನಂಬಿದವರು ಬಹಳ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಶುರುಮಾಡಿದ ಆ ಗುರುತು ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ. 1 ಪೆಟ್, 2 ಗಟ್ಟಿ ಪಾಲಿಥಿನ್, 4 ಮೆತ್ತನೆಯ ಪಾಲಿಥಿನ್, 5 ಪಿಪಿ. ಇವಕ್ಕೆ ಸಾಮಾನ್ಯವಾಗಿ ಕೊಳ್ಳುವವರು ಸಿಗುತ್ತಾರೆ. 3 ಪಿವಿಸಿ, 6 ಪಾಲಿಸ್ಟೈರೀನ್, 7 ಉಳಿದದ್ದೆಲ್ಲ. ಇವು ಸಿಕ್ಕಲ್ಲಿ ಸಿಕ್ಕಷ್ಟು. ಥರ್ಮಾಕೋಲು 6ರ ಜಾತಿಯದೇ ಆದರೂ ಗಾಳಿ ತುಂಬಿ ಉಬ್ಬಿರುವುದರಿಂದ ಲಾರಿ ತುಂಬಾ ಹೇರಿದರೂ ತೂಕ ಬರುವುದಿಲ್ಲ. ಕೊಳ್ಳುವವರೂ ಇಲ್ಲ.

‘ಗೊಬ್ಬರವಾಗುವ ಚೀಲ’ ಎಂದು ಬರೆದ ಹಸಿರು ಕವರನ್ನೂ ಒಮ್ಮೆ ತಿರುಗಿಸಿ ನೋಡಿ. ಅಸಲಿಯಾದರೆ ಐಎಸ್ 17088 ಎಂಬ ಮಾನಕದ ಗುರುತಿರುತ್ತದೆ. ಅಸಲಿಯೂ ಗೊಬ್ಬರವಾಗುವುದು ಬಿಸಿ, ತೇವ ಹದವಾಗಿ ಇರುವ ದೊಡ್ಡ ಘಟಕದಲ್ಲೇ ಹೊರತು ಹಿತ್ತಿಲ ಗುಂಡಿಯಲ್ಲಿ ಬೇಗ ಕರಗುವುದಿಲ್ಲ. ಹಾಲಿನ ಕವರಿನ ಜೊತೆ ಬೆರೆತರಂತೂ ಆ ದಾಣಾದ ಗುಣವನ್ನೇ ಕೆಡಿಸುತ್ತದೆ. ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳಿಗೆ ಇಂಥ ಯಾವ ಪ್ರಮಾಣಪತ್ರವೂ ಬೇಕಿಲ್ಲ, ನೇರ ಹಸಿ ಕಸಕ್ಕೆ.

ಹಳೆಯ ಪತ್ರಿಕೆಯ ವಿಷಯ ಬೇರೆ. ಬೋಂಡಾ, ವಡೆ ಸುತ್ತಿಕೊಡುವ ಪತ್ರಿಕೆ ಪರಿಸರಕ್ಕೆ ಒಳ್ಳೆಯದು ಎಂದುಕೊಳ್ಳುವಂತಿಲ್ಲ. ಮುದ್ರಣದ ಶಾಯಿ ಎಣ್ಣೆಗೆ ಬಿಡುತ್ತದೆ ಎಂಬ ಕಾರಣಕ್ಕೆ ಆಹಾರ ಸುತ್ತಲು ಪತ್ರಿಕೆ ಬಳಸುವುದನ್ನು ಎಫ್‌ಎಸ್‌ಎಸ್‌ಎಐ ನಿಯಮ ನಿಷೇಧಿಸಿದೆ. ತಿಂದ ಮೇಲೆ ಆ ಜಿಡ್ಡುಕಾಗದ ರದ್ದಿಗೂ ಸಲ್ಲುವುದಿಲ್ಲ.

ಯಾರಿಗೆ ಕೊಡುವುದು?

ನಗರಗಳಲ್ಲಿ ಒಣ ಕಸಕ್ಕೆ ವಾರದ ಗೊತ್ತಾದ ದಿನಗಳಿರುತ್ತವೆ. ಗಾಡಿಯವರನ್ನು ಕೇಳಿ ತಿಳಿದು, ಆ ದಿನ ಮಾತ್ರ ಚೀಲ ಹೊರಗಿಡಿ. ಹಸಿ ಕಸದ ದಿನ ಕೊಟ್ಟರೆ ಅದೇ ಗಾಡಿಯಲ್ಲಿ ಎರಡೂ ಕಲೆತು, ನೀವು ವಾರವಿಡೀ ತೊಳೆದದ್ದು ಐದು ನಿಮಿಷದಲ್ಲಿ ಮುಸುರೆಯಾಗುತ್ತದೆ. ಕಲೆಸುವುದನ್ನು ಕಂಡರೆ ಬೇಸತ್ತು ವಿಂಗಡಣೆ ಬಿಡಬೇಡಿ. ಹತ್ತಿರದ ಒಣ ಕಸ ಕೇಂದ್ರಕ್ಕೆ ನೀವೇ ತಲುಪಿಸಬಹುದು, ಬೀದಿಯ ನಾಲ್ಕು ಮನೆಯವರು ಸೇರಿದರೆ ತಿಂಗಳಿಗೆ ಒಂದು ಸುತ್ತು ಸಾಕು.

ರದ್ದಿ, ರಟ್ಟು, ಬಾಟಲಿ, ಲೋಹಗಳನ್ನು ಬೀದಿ ಕೊನೆಯ ಗುಜರಿಗೆ ಮಾರಬಹುದು. ಆದರೆ ಕಾಸು ಬರುವುದನ್ನೆಲ್ಲ ಗುಜರಿಗೆ ಮಾರಿ, ಚಿಪ್ಸ್ ಪೊಟ್ಟಣವನ್ನು ಮಾತ್ರ ಕೇಂದ್ರದವರಿಗೆ ದಾಟಿಸಿದರೆ ಅವರ ದಿನ ತುಂಬುವುದು ಹೇಗೆ? ಬೆಂಗಳೂರಿನ ಹಲವು ಕೇಂದ್ರಗಳನ್ನು ನಡೆಸುವವರು ಒಂದು ಕಾಲಕ್ಕೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. ‘ಹಸಿರು ದಳ’ದಂಥ ಸಂಸ್ಥೆಗಳು ಅವರನ್ನು ಸಂಘಟಿಸಿ ಈ ಕೆಲಸಕ್ಕೆ ತಂದಿವೆ. ಬೆಲೆಯಿರುವುದೂ ಇಲ್ಲದ್ದೂ ಎರಡನ್ನೂ ಅವರಿಗೆ ಕೊಟ್ಟರೆ ಒಂದರ ಕಾಸು ಇನ್ನೊಂದರ ಕೂಲಿಯನ್ನು ಹೊರುತ್ತದೆ.

ಹಳ್ಳಿಗಳಲ್ಲೂ ಈಗ ವ್ಯವಸ್ಥೆ ಬಂದಿದೆ. ಗ್ರಾಮ ಪಂಚಾಯಿತಿಗಳ ‘ಸ್ವಚ್ಛ ವಾಹಿನಿ’ ಗಾಡಿಗಳು ಒಣ ಕಸವನ್ನು ‘ಸ್ವಚ್ಛ ಸಂಕೀರ್ಣ’ಗಳಿಗೆ ಒಯ್ಯುತ್ತವೆ, ಹಲವು ಕಡೆ ಸ್ವಸಹಾಯ ಸಂಘದ ಹೆಂಗಸರೇ ಗಾಡಿ ಓಡಿಸುತ್ತಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಹಲವು ಪಂಚಾಯಿತಿಗಳ ಒಣ ಕಸವನ್ನು ಒಂದೇ ಕಡೆ ವಿಂಗಡಿಸುವ ದೊಡ್ಡ ಘಟಕವೇ ಇದೆ. ಗಾಡಿ ವಾರಕ್ಕೊಮ್ಮೆ ಬರುವ ಊರಿನಲ್ಲಿ ತೊಳೆದು ಒಣಗಿಸುವುದು ಇನ್ನೂ ಮುಖ್ಯ, ಅಷ್ಟು ದಿನ ಮನೆಯಲ್ಲಿ ಇಟ್ಟುಕೊಳ್ಳಬೇಕಲ್ಲ.

ಬಚ್ಚಲೊಲೆಗೆ ಬೇಡ, ಹಸುವಿನ ಬಾಯಿಗೂ ಬೇಡ

ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಂಡೆ ಒಲೆ ಹೊತ್ತಿಸಲು ಹಾಲಿನ ಕವರಿನಷ್ಟು ಸುಲಭದ ಕಿಚ್ಚು ಇನ್ನೊಂದಿಲ್ಲ. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿದ್ದರಂತೂ ಕೈ ಅಲ್ಲಿಗೇ ಹೋಗುತ್ತದೆ. ಒಲೆಯ ಕಡಿಮೆ ಶಾಖದಲ್ಲಿ ಪ್ಲಾಸ್ಟಿಕ್ಕು ಪೂರ್ತಿ ಉರಿಯದೆ ವಿಷದ ಹೊಗೆ ಬಿಡುತ್ತದೆ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ಕಾದರೆ ಡಯಾಕ್ಸಿನ್ ಎಂಬ ಕ್ಯಾನ್ಸರ್‌ಕಾರಕವೂ ಹುಟ್ಟುತ್ತದೆ. ಒಲೆಯ ಮುಂದೆ ಕೂತವರ ಎದೆಗೆ ಹೊಗೆ, ತೋಟದ ಬುಡಕ್ಕೆ ಆ ಬೂದಿ. ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ಒಂದು ಮೂಟೆ ಒಣಗಿಸಿ ಒಲೆಯ ಪಕ್ಕದಲ್ಲಿಟ್ಟರೆ ಕವರಿನ ನೆನಪೇ ಬಾರದು. ಬಯಲಿನಲ್ಲಿ ಕಸ ಸುಡುವವರಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ 5,000 ರೂಪಾಯಿ ದಂಡ ಗೊತ್ತುಮಾಡಿದೆ.

ಉಳಿದ ಅನ್ನವನ್ನು ಕವರಿನಲ್ಲಿ ಗಂಟು ಹಾಕಿ ಬೀದಿಗೆ ಎಸೆಯುವುದು ಇನ್ನೊಂದು ಪಾಪ. ಹಸು ಗಂಟು ಬಿಚ್ಚಲಾರದು, ಕವರು ಸಮೇತ ನುಂಗುತ್ತದೆ. ಅದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕು ಜೀರ್ಣವಾಗದೆ ಗಡ್ಡೆ ಕಟ್ಟುತ್ತದೆ.

ಕೊಳ್ಳುವಾಗಲೇ ಅರ್ಧ ಕೆಲಸ

ಪ್ಲಾಸ್ಟಿಕ್ಕು ಪ್ರತಿ ಸಲ ಕರಗಿದಾಗಲೂ ಸ್ವಲ್ಪ ಸತ್ವ ಕಳೆದುಕೊಳ್ಳುತ್ತದೆ. ಹಾಲಿನ ಕವರು ಪೈಪಾಗಬಹುದು, ಮತ್ತೆ ಹಾಲಿನ ಕವರಾಗುವುದು ಅಪರೂಪ. ಪೈಪಿನ ಮುಂದಿನ ಜನ್ಮ ಇನ್ನೂ ಕೆಳಗಿನದು. ಆದ್ದರಿಂದ ಚೀಲಕ್ಕೆ ಬೀಳುವುದನ್ನೇ ಕಡಿಮೆ ಮಾಡುವುದು ಜಾಣತನ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶವೇ ತಡೆ ಹಾಕಿತು. ಆದರೂ ತರಕಾರಿ ಗಾಡಿಯ ಮುಂದೆ ನಾವು ಕೈಬೀಸಿ ನಿಂತಿದ್ದರೆ ಕವರು ಎಲ್ಲಿಂದಲೋ ಬಂದೇ ಬರುತ್ತದೆ. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಬಟ್ಟೆ ಚೀಲ, ಒಂದು ಸ್ಟೀಲ್ ಡಬ್ಬಿ ಸದಾ ಇರಲಿ. ಊಟ ತರಿಸುವಾಗ ‘ಚಮಚ ಬೇಡ’ ಎಂದು ಗುರುತು ಹಾಕಿ.

ಒಂದೇ ನೋಟಕ್ಕೆ

• ಹಾಲು, ಮೊಸರು, ಎಣ್ಣೆಯ ಕವರು: ಮೂಲೆ ಪೂರ್ತಿ ಕತ್ತರಿಸದೆ, ತೊಳೆದು, ಒಣಗಿಸಿ ಒಂದೆಡೆ.
• ಪೆಟ್ ಬಾಟಲಿ: ಹಿಂಡಿ, ಮುಚ್ಚಳ ಹಾಕಿ.
• ಪಾರ್ಸೆಲ್ ಡಬ್ಬಿ, ಐಸ್‌ಕ್ರೀಮ್ ಕಪ್ಪು: ಜಿಡ್ಡು ತೆಗೆದು, ಪೇರಿಸಿ.
• ಬೆಳ್ಳಿ ಹೊಳಪಿನ ಪೊಟ್ಟಣ: ಒಣಗಿದ್ದರೆ ಮಾತ್ರ ಪ್ರಯೋಜನ, ಬೇರೆ ಕವರಿನಲ್ಲಿ.
• ಟೆಟ್ರಾ ಪ್ಯಾಕ್: ಜಾಲಿಸಿ, ಚಪ್ಪಟೆ ಮಾಡಿ, ರದ್ದಿಯಿಂದ ದೂರ.
• ರಟ್ಟು, ಕಾಗದ: ಒಣಗಿದ್ದು, ಜಿಡ್ಡಿಲ್ಲದ್ದು ರದ್ದಿಗೆ. ಜಿಡ್ಡಿನದು ಹಸಿ ಕಸಕ್ಕೆ.
• ಗಾಜು: ಇಡಿಯಾಗಿದ್ದರೆ ಗುಜರಿಗೆ. ಒಡೆದದ್ದು ಸುತ್ತಿ, ಬರೆದು, ಹೇಳಿ ಕೊಡಿ.
• ಕಾಗದದ ಲೋಟ, ಥರ್ಮಾಕೋಲು: ಒಣ ಕಸಕ್ಕೆ. ಮುಂದಿನ ಸಲ ಕೊಳ್ಳದಿದ್ದರೆ ಉತ್ತಮ.
• ಎಲೆ, ಹಾಳೆತಟ್ಟೆ: ಹಸಿ ಕಸಕ್ಕೆ.

ಇಷ್ಟನ್ನೂ ನಾಳೆಯೇ ಶುರುಮಾಡುವುದು ಕಷ್ಟವೆನಿಸಿದರೆ ಹಾಲಿನ ಕವರೊಂದನ್ನೇ ಹಿಡಿಯಿರಿ. ನೀರು ಹಾಕಿ ಕುಲುಕುವ ಅಭ್ಯಾಸ ಹೇಗೂ ಇದೆ. ಅದಾದ ಮೇಲೆ ಕವರನ್ನು ಬುಟ್ಟಿಯ ಕಡೆ ಒಯ್ಯುವ ಕೈ ಎರಡು ಹೆಜ್ಜೆ ಮುಂದೆ ಹೋಗಿ ತಂತಿಗೆ ಸಿಕ್ಕಿಸಲಿ. ತಿಂಗಳ ಕೊನೆಗೆ ಅರವತ್ತು ಕವರು ಸೇರಿ ಅಂಗೈಯಲ್ಲಿ ತೂಗಿ ನೋಡಿದರೆ ಇನ್ನೂರು ಗ್ರಾಮೂ ಇರುವುದಿಲ್ಲ. ಆದರೆ ಕೇಂದ್ರದಲ್ಲಿ ರಾಶಿಯ ಮುಂದೆ ಕೂತವರು ಆ ಕಟ್ಟನ್ನು ಮೂಗು ಮುಚ್ಚದೆ ಎತ್ತಿ, ಬಿಚ್ಚದೆ, ನೇರ ‘ಎಲ್‌ಡಿ’ ಚೀಲಕ್ಕೆ ಹಾಕುತ್ತಾರೆ. ಅರವತ್ತು ಸಲ ಬಗ್ಗಬೇಕಿದ್ದ ಕಡೆ ಒಂದೇ ಸಲ.